ಪ್ರಚಾರದ ಜಾಹೀರಾತಿಗೆ ಸಂಗೀತ ಕೂರಿಸುವುದು ಹೇಗೆ?

ಚುನಾವಣೆ ಬಂತೆಂದರೆ ದಾವಣಗೆರೆಯ ಬೀದಿಗಳಲ್ಲಿ ಹಾರ್ನ್ (ಕಹಳೆಯಾಕಾರದ ಧ್ವನಿವರ್ಧಕ) ಕಟ್ಟಿದ ಆಟೊಗಳದೇ ಓಡಾಟ. ಹಾಡು ಜೋರು, ಅಭ್ಯರ್ಥಿಯ ಹೆಸರೇ ಕೇಳಿಸದು. ಕುಡಿಯುವ ನೀರಿನ ಗೋಳು ಹೇಳುವಾಗ ಹಿಂದೆ ಮದುವೆ ದಿಬ್ಬಣದ ವಾದ್ಯ! ಮೂವತ್ತು ಸೆಕೆಂಡಿನ ಜಾಹೀರಾತಿಗೆ ಕ್ರಮ ಹೀಗಿರಲಿ.

1. ಮೊದಲು ಮಾತು ರೆಕಾರ್ಡ್ ಮಾಡಿ. 45–50 ಪದ ಸಾಕು.

2. ಯಾರಿಗಾಗಿ ಎಂದು ತೀರ್ಮಾನಿಸಿ. 1998ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಾಜಕೀಯ ಸಂಶೋಧಕ ಟೆಡ್ ಬ್ರೇಡರ್ ಚುನಾವಣಾ ಜಾಹೀರಾತಿನ ಮಾತು ಹಾಗೇ ಇಟ್ಟು, ಸಂಗೀತ ಮತ್ತು ದೃಶ್ಯ ಮಾತ್ರ ಬದಲಿಸಿ ಜನರಿಗೆ ತೋರಿಸಿದರು. ಉತ್ಸಾಹದ ಆವೃತ್ತಿ ಮೊದಲೇ ಇದ್ದ ಒಲವನ್ನು ಗಟ್ಟಿ ಮಾಡಿತು. ಆತಂಕದ್ದು ಮರುಯೋಚನೆಗೆ ಹಚ್ಚಿತು. ನಿಮ್ಮವರನ್ನು ಬೂತಿಗೆ ಎಬ್ಬಿಸಲು ತಮಟೆ ಸರಿ. ಎದುರಾಳಿಯ ಮತದಾರರನ್ನು ಅಲುಗಾಡಿಸಲು ಅದರಿಂದ ಏನೂ ಆಗದು.

3. ಎಲ್ಲರೂ ಎಡವುವುದು ತಿರುವಿನಲ್ಲಿ, ಅಂದರೆ ಸಮಸ್ಯೆಯಿಂದ ಭರವಸೆಗೆ ಹೊರಳುವ ಕಡೆ. ಎರಡು ರೆಡಿಮೇಡ್ ತುಣುಕು ತಂದು ಒಂದರ ಮೇಲೊಂದು ಜಾರಿಸುತ್ತಾರೆ. ಶ್ರುತಿ ಬೇರೆ ಬೇರೆ, ಕಿವಿಗೆ ಅಪಸ್ವರ. ಹೀಗೆ ಮಾಡಿ: ಮೊದಲ 12 ಸೆಕೆಂಡು ಶಿವರಂಜನಿ ರಾಗ, ಒಂದೇ ಕೊಳಲು, ತಾಳವಿಲ್ಲ. ಸಮಸ್ಯೆಯ ಕೊನೆಯ ಪದ ಮುಗಿದ ಮೇಲೆ ಅರ್ಧ ಸೆಕೆಂಡು ಪೂರ್ತಿ ಮೌನ. ಆಮೇಲೆ ಅದೇ ಶ್ರುತಿಯಲ್ಲಿ ಮೋಹನ ರಾಗ. ಎರಡಕ್ಕೂ ಇರುವ ವ್ಯತ್ಯಾಸ ಗಾಂಧಾರ, ಅಂದರೆ 'ಗ' ಸ್ವರವೊಂದೇ: ತಗ್ಗಿನ ಸಾಧಾರಣ ಗಾಂಧಾರ ಹೋಗಿ ಎತ್ತರದ ಅಂತರ ಗಾಂಧಾರ ಬರುತ್ತದೆ. ಕೇಳುವವನಿಗೆ ರಾಗ ಗೊತ್ತಿರಬೇಕಿಲ್ಲ, ಮೋಡ ಸರಿದ ಹಾಗೆ ಅನಿಸುತ್ತದೆ. ಆ ಮೌನ ಬಿಟ್ಟರೆ ಎರಡೂ ಗಾಂಧಾರ ಡಿಕ್ಕಿ ಹೊಡೆಯುತ್ತವೆ. ತಾಳವನ್ನು ಅಭ್ಯರ್ಥಿಯ ಹೆಸರಿನ ಜೊತೆಗೇ ತನ್ನಿ, ನಿಮಿಷಕ್ಕೆ 110 ಬಡಿತದ ಆಸುಪಾಸು. 140 ದಾಟಿದರೆ ಗಣಪತಿ ಮೆರವಣಿಗೆಯಾಗುತ್ತದೆ.

ಆತಂಕಕ್ಕೆಂದು ಸೀರಿಯಲ್ಲಿನ 'ಢಂ ಢಂ' ಹಾಕಲೇಬೇಡಿ, ಜನ ನಗುತ್ತಾರೆ. ಹಿಟ್ ಸಿನಿಮಾ ಹಾಡಿನ ಧಾಟಿಗೆ ಪದ ಬದಲಿಸುವುದೂ ಬೇಡ. ಅನುಮತಿಯಿಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ತಕರಾರು, ಮೇಲಾಗಿ ಜನರ ಬಾಯಲ್ಲಿ ಉಳಿಯುವುದು ಹಳೆಯ ಸಾಲೇ. ಕಂಪ್ಯೂಟರ್ ಹಾಡಿಸಿದ ಹಾಡಾದರೆ 'ದಾವಣಗೆರೆ'ಯ 'ಣ' ನೆಟ್ಟಗಿದೆಯೇ ಕೇಳಿ ನೋಡಿ.

4. ಸಂಗೀತ ಮಾತಿಗಿಂತ 12ರಿಂದ 15 ಡೆಸಿಬಲ್ ಕೆಳಗಿರಲಿ. ಎಡ-ಬಲಕ್ಕೆ ಬೇರೆ ಬೇರೆ ಧ್ವನಿ ಬರುವ ಸ್ಟೀರಿಯೊ ಬೇಡ, ಎಲ್ಲವೂ ಒಂದಾಗುವ ಮೊನೊ ಮಾಡಿ. ಇಯರ್‌ಫೋನ್ ನಂಬಿ ಮುಗಿಸಬೇಡಿ; ಆಟೊ ಹಾರ್ನ್‌ನಲ್ಲೇ ಹಾಕಿ, ಐವತ್ತು ಹೆಜ್ಜೆ ದೂರ ನಿಂತು ಕೇಳಿ. ಡೊಳ್ಳಿನ ಗುಡುಗು ಹಾರ್ನ್‌ನಲ್ಲಿ ಸತ್ತು ಬರೀ 'ಟಪ್ ಟಪ್' ಉಳಿಯುತ್ತದೆ. ತಮಟೆ, ಶಹನಾಯಿ ದೂರ ಹೋಗುತ್ತವೆ. ಆದರೆ ಶಹನಾಯಿ ಮಾತನ್ನೇ ನುಂಗುವ ವಾದ್ಯ; ಮಾತಿಲ್ಲದ ಜಾಗದಲ್ಲಷ್ಟೇ ಬಿಡಿ.

5. ಟಿವಿ, ರೇಡಿಯೊ, ಸಾಮಾಜಿಕ ಜಾಲತಾಣಗಳಿಗಾದರೆ ಪ್ರಸಾರಕ್ಕೆ ಕನಿಷ್ಠ 3 ದಿನ ಮೊದಲು ಅಭ್ಯರ್ಥಿ ಅಥವಾ ನೋಂದಾಯಿತ ಪಕ್ಷ ಚುನಾವಣಾ ಆಯೋಗದ ಮಾಧ್ಯಮ ಪ್ರಮಾಣೀಕರಣ ಸಮಿತಿಗೆ ಅರ್ಜಿ ಹಾಕಬೇಕು, ಜೊತೆಗೆ ಮಾತಿನ ದೃಢೀಕೃತ ಲಿಖಿತ ಪ್ರತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಮಿತಿಯ ಒಪ್ಪಿಗೆ ಸಿಗುವುದು ನೀವು ಕೊಟ್ಟ ಜಾಹೀರಾತಿನ ಪ್ರತಿಗೆ ಮಾತ್ರ, ಹಾಗಾಗಿ ಹಾರ್ನ್ ಪರೀಕ್ಷೆ ಅರ್ಜಿಗೂ ಮುಂಚೆಯೇ ಮುಗಿದಿರಲಿ.