ಕೋಳಿ ಭೂಮಿ ತಿಂದ ದಿನ

ಹೋದ ವರ್ಷದವರೆಗೂ ನಾನೂ ಎಲ್ಲ ವಿಜ್ಞಾನ ಮೇಷ್ಟ್ರ ಹಾಗೆ ಥರ್ಮೋಕೋಲ್ ಉಂಡೆಗಳಿಗೆ ಬಣ್ಣ ಬಳಿಸಿ, ತಂತಿಗೆ ಸಿಕ್ಕಿಸಿ, ಇದೇ ಸೌರವ್ಯೂಹ ಅಂತ ತೋರಿಸುತ್ತಿದ್ದೆ. ನೋಡೋಕೆ ಚೆಂದ. ಆದರೆ ಅದರಲ್ಲಿ ನೆಪ್ಚೂನ್ ಸೂರ್ಯನಿಂದ ಒಂದು ಮೊಳ ದೂರ, ಅಷ್ಟೇ!

ಈ ಸಲ ಅಳತೆ ಹಿಡಿದೇ ಮಾಡಿದೆವು. 1 ಲಕ್ಷ ಕಿಲೋಮೀಟರಿಗೆ 1 ಸೆಂಟಿಮೀಟರ್. ಸೂರ್ಯ 14 ಸೆಂಟಿಮೀಟರ್ ಬಂತು, ಒಂದು ಚಕ್ಕೋತ ಸಿಕ್ಕಿತು. ಭೂಮಿ, ಶುಕ್ರ ಎರಡೂ ರಾಗಿಕಾಳು. ಮಂಗಳಕ್ಕೆ ಗಸಗಸೆ, ಬುಧನಿಗೆ ರವೆಯ ಒಂದು ಹರಳು. ಗುರುವಿಗೆ ಗೋಲಿ, ಶನಿಗೆ ನೆನೆಸಿದ ಕಾಬೂಲಿ ಕಡಲೆ, ಅದರ ಸುತ್ತ ಕಾಗದದ ಬಳೆ. ಯುರೇನಸ್, ನೆಪ್ಚೂನ್ ಎರಡು ಕಾಳುಮೆಣಸು.

ಮೊದಲ ದಿನ ಕಾಳುಗಳನ್ನು ನೆಲದ ಮೇಲೆ ಸುಮ್ನೆ ಇಟ್ಟಿದ್ದೆವು. ಬಿಸಿಯೂಟದ ಹೊತ್ತಿಗೆ ಪಕ್ಕದ ಮನೆ ಕೋಳಿ ಬಂದು ಭೂಮಿಯನ್ನು ತಿಂದುಹಾಕಿತು. ಮರುದಿನ ರಟ್ಟಿಗೆ ಗೋಂದು ಹಚ್ಚಿ ಅಂಟಿಸಿ, ಕೋಲಿಗೆ ಕಟ್ಟಿ ನೆಟ್ಟೆವು. ನೀವು ಮಾಡುವುದಾದರೆ ಮೊದಲೇ ಹೀಗೆ ಮಾಡಿ.

ಬುಧ 6 ಮೀಟರಿಗೆ, ಶುಕ್ರ 11ಕ್ಕೆ, ಭೂಮಿ 15ಕ್ಕೆ, ಮಂಗಳ 23ಕ್ಕೆ. ಇಲ್ಲಿವರೆಗೆ ಎಲ್ಲ ಮೈದಾನದಲ್ಲೇ ಮುಗಿಯಿತು. ಮುಂದೆ ಕ್ಷುದ್ರಗ್ರಹಗಳಿಗೆ ಅಂತ ಒಬ್ಬ ಹುಡುಗ ಒಂದು ಹಿಡಿ ಉಪ್ಪು ಎರಚೋಕೆ ಹೊರಟಿದ್ದ. ಬೇಡ ಅಂದೆ. ಅವನ್ನೆಲ್ಲ ಗುಡ್ಡೆ ಹಾಕಿದರೂ ನಮ್ಮ ಚಂದ್ರನಷ್ಟು ಆಗಲ್ಲ, ಅಲ್ವಾ? ಗುರು 78 ಮೀಟರಿಗೆ, ಅಂದರೆ ಗೇಟು ದಾಟಿ ರಸ್ತೆಗೆ ಬಂದೆವು. ಶನಿ 143, ಯುರೇನಸ್ 287. ನೆಪ್ಚೂನ್ 450 ಮೀಟರಿಗೆ, ಹಿಟ್ಟಿನ ಗಿರಣಿ ಮುಂದೆ. ಅಷ್ಟು ದೂರ ನಡೆದು, ಕೈಲಿ ಒಂದು ಮೆಣಸಿನಕಾಳು ಹಿಡಿದು ನಿಂತ ಮಕ್ಕಳ ಮುಖ ನೋಡಬೇಕಿತ್ತು. ಮಧ್ಯದಲ್ಲೆಲ್ಲ ಬರೀ ಖಾಲಿ.

ನನಗೆ ಜಾಸ್ತಿ ಹಿಡಿಸಿದ್ದು ಬೆಳಕಿನ ಆಟ. ಈ ಅಳತೆಯಲ್ಲಿ ಬೆಳಕು ಸೆಕೆಂಡಿಗೆ ಬರೀ 3 ಸೆಂಟಿಮೀಟರ್ ಹೋಗುತ್ತದೆ, ಹೆಚ್ಚುಕಮ್ಮಿ ಇರುವೆ ನಡಿಗೆ. ಒಬ್ಬಳು ಕುಕ್ಕರಗಾಲಲ್ಲಿ ಕೂತು, ಗಡಿಯಾರ ನೋಡುತ್ತಾ, ಅದೇ ವೇಗದಲ್ಲಿ ಕಡ್ಡಿ ಸರಿಸುತ್ತಾ ಹೋದಳು. ಚಕ್ಕೋತದಿಂದ ರಾಗಿಕಾಳು ಮುಟ್ಟೋಕೆ 8 ನಿಮಿಷ ದಾಟಿತು. ನೆಪ್ಚೂನಿಗೆ 4 ಗಂಟೆ ಬೇಕು. ಅದಕ್ಕೆ ಯಾರೂ ಒಪ್ಪಲಿಲ್ಲ.

ಸೂರ್ಯನನ್ನು ಬಿಟ್ಟರೆ ಹತ್ತಿರದ ನಕ್ಷತ್ರ ಎಲ್ಲಿಡೋಣ ಸರ್ ಅಂತ ಕೇಳಿದರು. ಲೆಕ್ಕ ಹಾಕಿದೆವು. ಒಂದು ನೆಲ್ಲಿಕಾಯಿ, 4000 ಕಿಲೋಮೀಟರ್ ಆಚೆಗೆ, ಕಾಶ್ಮೀರವನ್ನೂ ದಾಟಿ. "ಅಲ್ಲಿಗೆ ಬಸ್ಸಿದೆಯಾ ಸರ್?" ಅಂದ ಉಪ್ಪಿನ ಹುಡುಗ.