ಮಲಗಿದ ಎಂಜಿನ್ ಕರೆದಾಗ ಏಳಬೇಕು: ಮೋಟಾರ್ ಗ್ಲೈಡರ್ ಜೊತೆ ನನ್ನ ಅನುಭವ

ಮೋಟಾರ್ ಗ್ಲೈಡರ್ ಅಂದರೆ ಎಂಜಿನ್ ನಿಲ್ಲಿಸಿ ಬರೀ ಗಾಳಿಯ ಮೇಲೂ ತೇಲಬಲ್ಲ ಉದ್ದ ರೆಕ್ಕೆಯ ವಿಮಾನ. ಅದರ ಎಂಜಿನ್‌ಗೆ ಬೇರೆ ವಿಮಾನಗಳ ಎಂಜಿನ್‌ಗೆ ಇಲ್ಲದ ಒಂದು ಕಷ್ಟ ಇದೆ. ಮೊದಲ ಹತ್ತು ನಿಮಿಷ ಪೂರ್ತಿ ಶಕ್ತಿಯಲ್ಲಿ ದುಡಿಯಬೇಕು. ಆಮೇಲೆ ಎರಡು ಗಂಟೆ ತಣ್ಣನೆ ಗಾಳಿಯಲ್ಲಿ ಸುಮ್ನೆ ಮಲಗಿರಬೇಕು. ನಮ್ಮ ಎತ್ತರ ಕರಗಿ, ಕೆಳಗೆ ನೆಲ ಹತ್ತಿರವಾದಾಗ, ಕರೆದ ಕೂಡಲೇ ಎದ್ದು ಬರಬೇಕು. ದಿನವಿಡೀ ಓಡುವ ಎಂಜಿನ್‌ಗಿಂತ ಹೀಗೆ ಮಲಗಿ ಏಳುವ ಎಂಜಿನ್‌ಗೇ ಆರೈಕೆ ಜಾಸ್ತಿ ಬೇಕು. ಇದನ್ನು ನಾನು ಓದಿ ತಿಳಿದಿದ್ದೆ. ಮನಸ್ಸಿಗೆ ಇಳಿದದ್ದು ಒಂದು ಸಂಜೆ.

ನಾನು ಹಾರಿಸುವುದು ಇಬ್ಬರು ಪಕ್ಕಪಕ್ಕದಲ್ಲಿ ಕೂರುವ ಟೂರಿಂಗ್ ಮೋಟಾರ್ ಗ್ಲೈಡರ್. ಮುಂದೆ ರೋಟ್ಯಾಕ್ಸ್ 912 ಎಸ್ ಎಂಜಿನ್, ಫೆದರ್ ಮಾಡಬಹುದಾದ, ಅಂದರೆ ಗಾಳಿಗೆ ತಡೆಯಾಗದಂತೆ ಅಲಗುಗಳನ್ನು ಗಾಳಿಯ ದಿಕ್ಕಿಗೆ ತಿರುಗಿಸಬಹುದಾದ ಪ್ರೊಪೆಲ್ಲರ್. ಆ ದಿನ ಥರ್ಮಲ್‌ಗಳು, ಅಂದರೆ ನಮ್ಮನ್ನು ಮೇಲೆತ್ತುವ ಬಿಸಿಗಾಳಿಯ ಪ್ರವಾಹಗಳು, ಚೆನ್ನಾಗಿದ್ದವು. ಎಂಜಿನ್ ನಿಲ್ಲಿಸಿ ಎರಡೂವರೆ ಗಂಟೆ ಹಾರಿದೆ. ಅಷ್ಟೂ ಹೊತ್ತು ರೇಡಿಯೊ, ಟ್ರಾನ್ಸ್‌ಪಾಂಡರ್ (ರಾಡಾರ್‌ಗೆ ನಮ್ಮ ಗುರುತು ಹೇಳುವ ಉಪಕರಣ), ವೇರಿಯೊಮೀಟರ್ (ಏರುವ, ಇಳಿಯುವ ವೇಗ ತೋರಿಸುವ ಗೇಜ್) ಎಲ್ಲ ಬ್ಯಾಟರಿ ಮೇಲೆ ನಡೆಯುತ್ತಿದ್ದವು. ಸಂಜೆ ಬಿಸಿಗಾಳಿ ಸತ್ತಿತು. ನೆಲದಿಂದ 400 ಮೀಟರ್ ಎತ್ತರದಲ್ಲಿ ಸ್ಟಾರ್ಟರ್ ಒತ್ತಿದೆ. ಪ್ರೊಪೆಲ್ಲರ್ ತಿರುಗಿತು, ಆದರೆ ನಿಧಾನವಾಗಿ. ಎಂಜಿನ್ ಹತ್ತಲಿಲ್ಲ. ಮತ್ತೆ ಒತ್ತಿದೆ. ಇನ್ನೂ ನಿಧಾನವಾಯಿತು.

ಕಾರಣ ಸರಳ. ಈ ಎಂಜಿನ್‌ನ ಇಗ್ನಿಷನ್ ಕಿಡಿ ಕೊಡಬೇಕಾದರೆ ಕ್ರ್ಯಾಂಕ್‌ಶಾಫ್ಟ್ (ಎಂಜಿನ್‌ನ ಮುಖ್ಯ ದಂಡ) ನಿಮಿಷಕ್ಕೆ ಸುಮಾರು 220 ಸುತ್ತಾದರೂ ತಿರುಗಬೇಕು. ಅದಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಇದ್ದರೂ ಪ್ಲಗ್ ಸರಿ ಇದ್ದರೂ ಪ್ರಯೋಜನ ಇಲ್ಲ. ತಣ್ಣಗಾದ ಆಯಿಲ್ ಗಟ್ಟಿಯಾಗಿತ್ತು, ಬ್ಯಾಟರಿ ಸೋತಿತ್ತು. ಎರಡೂ ಸೇರಿ ಎಂಜಿನ್ ಆ ವೇಗಕ್ಕೆ ತಲುಪಲೇ ಇಲ್ಲ.

ಮೂರನೇ ಸಲ ನಾನು ಒತ್ತಲಿಲ್ಲ. ಪ್ರೊಪೆಲ್ಲರ್ ಮತ್ತೆ ಫೆದರ್ ಮಾಡಿದೆ. ಏರ್‌ಫೀಲ್ಡ್ ನನ್ನ ಬಲಕ್ಕೆ, ಗ್ಲೈಡ್ ಮಾಡಿಕೊಂಡು ತಲುಪುವಷ್ಟು ದೂರದಲ್ಲೇ ಇತ್ತು. ಇಳಿದೆ. ಏನೂ ಆಗಲಿಲ್ಲ. ಆದರೆ ಆ ಎರಡು ಪ್ರಯತ್ನಗಳಲ್ಲಿ ಕಣ್ಣು ಒಳಗಿನ ಗೇಜ್‌ಗಳ ಮೇಲೇ ನೆಟ್ಟಿತ್ತು. ಸ್ಪೀಡ್ ಎಷ್ಟಿತ್ತು ಅಂತ ಆಮೇಲೆ ನೆನಪಿಸಿಕೊಳ್ಳಲು ಹೋದರೆ ನೆನಪೇ ಬರಲಿಲ್ಲ. ಎಂಜಿನ್ ಹತ್ತದೇ ಇದ್ದದ್ದಕ್ಕಿಂತ ಅದೇ ನನ್ನನ್ನು ಜಾಸ್ತಿ ಕಾಡಿತು.

ಅಂದಿನಿಂದ ನಾನು ಬದಲಿಸಿದ ಮೊದಲ ವಿಷಯ ಎತ್ತರ. ಲೆಕ್ಕ ನೋಡಿ. ಪ್ರೊಪೆಲ್ಲರ್ ಫೆದರ್‌ನಿಂದ ಹೊರಗೆ ಬಂದು ಎಂಜಿನ್ ಇನ್ನೂ ಹತ್ತದೇ ಇರುವಾಗ ನಾನು ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತೇನೆ. ಲ್ಯಾಂಡಿಂಗ್ ಸುತ್ತಿಗೆ 200 ಮೀಟರ್ ಕೈಯಲ್ಲಿ ಇರಲೇಬೇಕು. 400 ಮೀಟರ್‌ನಲ್ಲಿ ಶುರು ಮಾಡಿದರೆ ಉಳಿಯುವುದು 200 ಮೀಟರ್, ಅಂದರೆ 100 ಸೆಕೆಂಡ್. ಅಷ್ಟರಲ್ಲಿ ಎಂಜಿನ್ ಹತ್ತಬೇಕು, ಆಯಿಲ್ ಬೆಚ್ಚಗಾಗಬೇಕು, ಏರಲು ಶುರು ಮಾಡಬೇಕು. ಸಾಲುವುದಿಲ್ಲ. 600 ಮೀಟರ್‌ನಲ್ಲಿ ಶುರು ಮಾಡಿದರೆ 200 ಸೆಕೆಂಡ್ ಸಿಗುತ್ತದೆ. ಎಂಜಿನ್ ಹತ್ತಿ ಸ್ವಲ್ಪ ಎಳೆಯಲು ಶುರು ಮಾಡಿದರೆ ಇನ್ನೂ ಜಾಸ್ತಿ. ಈಗ ನನ್ನ ಗೆರೆ 600. ಆ ಗೆರೆ ತಲುಪುವ ಮೊದಲೇ ಇಳಿಯುವ ಜಾಗ ಆರಿಸಿರುತ್ತೇನೆ, ಮತ್ತು ಎಂಜಿನ್ ಹತ್ತುವುದೇ ಇಲ್ಲ ಅಂದುಕೊಂಡೇ ಆ ಜಾಗದ ಮೇಲೆ ಇರುತ್ತೇನೆ.

ಕಂಬದ ಮೇಲೆ ಎಂಜಿನ್ ಹೊರಗೆ ಬರುವ ಗ್ಲೈಡರ್ ಹಾರಿಸುವವರಿಗೆ ಈ ಲೆಕ್ಕ ಇನ್ನೂ ಬಿಗಿ. ಹೊರಗೆ ಬಂದು ಓಡದೇ ನಿಂತ ಎಂಜಿನ್ ಗಾಳಿಯನ್ನು ತಡೆದು ಗ್ಲೈಡ್ ಮಾಡಬಲ್ಲ ದೂರವನ್ನು ಅರ್ಧಕ್ಕಿಂತ ಕೆಳಗೆ ತರಬಹುದು. ಅದನ್ನು ಹೊರಗೆ ತೆಗೆಯಲು, ಒಳಗೆ ಹಾಕಲು ಬೇರೆ ವೇಗದ ಮಿತಿಯೂ ಇರುತ್ತದೆ. ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಎರಡನೇ ಬದಲಾವಣೆ ಕ್ರಮದ್ದು. ಮೊದಲು ಸ್ಪೀಡ್, ಆಮೇಲೆ ಎಂಜಿನ್. ಮೂಗು ಸರಿ ಮಾಡಿ, ಕೈ ಬಿಟ್ಟರೂ ಆ ಸ್ಪೀಡ್ ಉಳಿಯುವಂತೆ ಟ್ರಿಮ್ ಹಾಕಿ, ಸ್ಪೀಡ್ ಗೇಜ್‌ನ ಮುಳ್ಳು ನಿಂತಿತು ಅಂತ ಖಾತ್ರಿಯಾದ ಮೇಲೆಯೇ ಕೈ ಸ್ವಿಚ್ ಕಡೆ ಹೋಗುತ್ತದೆ. ಪ್ರತಿ ಹೆಜ್ಜೆಯ ನಡುವೆ ಹೊರಗೆ ಒಂದು ನೋಟ, ಸ್ಪೀಡ್ ಕಡೆ ಒಂದು ನೋಟ. ಇನ್ನು ಬ್ಯಾಟರಿ. ಎಂಜಿನ್ ಇಲ್ಲದೆ ಹಾರುವಾಗ ಬೇಡದ ಉಪಕರಣ ಆಫ್ ಮಾಡುತ್ತೇನೆ. ವೋಲ್ಟ್ ಇಳಿಯುತ್ತಿದ್ದರೆ ಥರ್ಮಲ್ ಎಷ್ಟೇ ಚೆನ್ನಾಗಿರಲಿ, ಎತ್ತರ ಇರುವಾಗಲೇ ಒಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ಚಾರ್ಜ್ ಮಾಡುತ್ತೇನೆ.

ಎಂಜಿನ್ ಹತ್ತಿತು ಅಂದುಕೊಳ್ಳಿ. ಮೊದಲು ನೋಡುವುದು ಆಯಿಲ್ ಪ್ರೆಶರ್. 10 ಸೆಕೆಂಡ್ ಒಳಗೆ ಏರಬೇಕು, ಇಲ್ಲದಿದ್ದರೆ ನಿಲ್ಲಿಸಬೇಕು. ನೆಲದ ಮೇಲೆ ನಾನು ಸುಮಾರು ಎರಡು ನಿಮಿಷ 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು), ಆಮೇಲೆ 2500ರಲ್ಲಿ ಬಿಡುತ್ತೇನೆ. ಆಯಿಲ್ 50 ಡಿಗ್ರಿ ಮುಟ್ಟುವವರೆಗೆ ಥ್ರಾಟಲ್ ಮುಂದೆ ಹೋಗುವುದಿಲ್ಲ. ಹಿಂದೆ ಕ್ಯೂನಲ್ಲಿ ಯಾರಾದರೂ ಕಾಯುತ್ತಿದ್ದರೆ ಕಾಯಲಿ. ಆಕಾಶದಲ್ಲೂ ಇದೇ ನಿಯಮ ಇಟ್ಟುಕೊಂಡಿದ್ದೇನೆ. 600 ಮೀಟರ್ ಗೆರೆಯ ಅರ್ಧ ಕಾರಣ ಇದೇ. ಬೇಗ ಶುರು ಮಾಡಿದವನಿಗೆ ಮಾತ್ರ ಎಂಜಿನ್ ಬೆಚ್ಚಗಾಗುವ ತನಕ ಕಾಯುವ ಸಮಯ ಸಿಗುತ್ತದೆ. ಪ್ರಾಣಕ್ಕೆ ಬಂದರೆ ತಣ್ಣನೆ ಎಂಜಿನ್‌ಗೇ ಪೂರ್ತಿ ಥ್ರಾಟಲ್ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಸ್ಥಿತಿ ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಏರುವಾಗಿನ ವೇಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸ್ಪೀಡ್ ಗೇಜ್ ಮೇಲೆ ನೀಲಿ ಗೆರೆ ಇರುತ್ತದೆ, ಅದು ಚೆನ್ನಾಗಿ ಏರುವ ವೇಗ. ಎಷ್ಟೋ ಜನ ಇನ್ನೂ ಬೇಗ ಮೇಲೆ ಹೋಗೋಣ ಅಂತ ಮೂಗು ಎತ್ತಿ ಆ ಗೆರೆಯ ಕೆಳಗೆ ಏರುತ್ತಾರೆ. ಏರಿಕೆ ಜಾಸ್ತಿಯಾಗುವುದಿಲ್ಲ, ಬಿಸಿ ಮಾತ್ರ ಜಾಸ್ತಿಯಾಗುತ್ತದೆ. ಈ ಎಂಜಿನ್‌ನಲ್ಲಿ ಸಿಲಿಂಡರ್ ಹೆಡ್‌ಗೆ ನೀರು, ಸಿಲಿಂಡರ್‌ಗೆ ಗಾಳಿ, ಆಯಿಲ್‌ಗೆ ಬೇರೆ ಕೂಲರ್. ಮೂರಕ್ಕೂ ಕೊನೆಗೆ ಬೇಕಾದದ್ದು ಮುಂದಿನಿಂದ ನುಗ್ಗುವ ಗಾಳಿ. ಬೇಸಿಗೆಯ ಮಧ್ಯಾಹ್ನ ನಾನು ನೀಲಿ ಗೆರೆಗಿಂತ ಗಂಟೆಗೆ 10 ಕಿ.ಮೀ. ಹೆಚ್ಚು ವೇಗದಲ್ಲಿ ಏರುತ್ತೇನೆ, ಕೌಲ್ ಫ್ಲಾಪ್, ಅಂದರೆ ಎಂಜಿನ್ ಸುತ್ತ ಗಾಳಿ ಹರಿಯಲು ಬಿಡುವ ಬಾಗಿಲು, ತೆರೆದಿರುತ್ತದೆ. ಏರಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಆಯಿಲ್ 110 ದಾಟುವುದಿಲ್ಲ. ಮಿತಿ 130. ಅಲ್ಲಿಯವರೆಗೆ ಹೋಗಬಹುದು ಅಂತ ಹೋಗಬೇಕಾಗಿಲ್ಲ ಅಲ್ವಾ? ಮುಳ್ಳು 120 ಕಡೆ ಹೊರಟರೆ ಮೂಗು ಇಳಿಸುತ್ತೇನೆ, ಆಮೇಲೆ ಥ್ರಾಟಲ್ ಇಳಿಸುತ್ತೇನೆ.

5800 ಆರ್‌ಪಿಎಂ ಐದು ನಿಮಿಷಕ್ಕೆ ಮಾತ್ರ, ಆಮೇಲೆ 5500ರ ಒಳಗೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ತಪ್ಪುವುದು ಇನ್ನೊಂದು ಕಡೆ. ಪ್ರೊಪೆಲ್ಲರ್‌ನ ಕೋನ ಹೆಚ್ಚಿಸಿ ಆರ್‌ಪಿಎಂ 5000ಕ್ಕೆ ಇಳಿಸುತ್ತಾರೆ, ಥ್ರಾಟಲ್ ಮಾತ್ರ ಪೂರ್ತಿ ತೆರೆದೇ ಇರುತ್ತದೆ. ಶಬ್ದ ಕಡಿಮೆ, ಎಂಜಿನ್ ಆರಾಮಾಗಿದೆ ಅನ್ನಿಸುತ್ತದೆ. ನಿಜದಲ್ಲಿ ಅದು ಟಾಪ್ ಗೇರ್‌ನಲ್ಲಿ ಗುಡ್ಡ ಹತ್ತುವ ಗಾಡಿಯ ಪಾಡು. 5200ಕ್ಕಿಂತ ಕೆಳಗೆ ಪೂರ್ತಿ ಥ್ರಾಟಲ್ ಬೇಡ ಅಂತ ತಯಾರಕರೇ ಹೇಳುತ್ತಾರೆ. ಹಾಗಾಗಿ ಶಕ್ತಿ ಇಳಿಸುವಾಗ ಮೊದಲು ಥ್ರಾಟಲ್, ಆಮೇಲೆ ಆರ್‌ಪಿಎಂ. ಏರಿಸುವಾಗ ಇದರ ತಿರುಗುಮುರುಗು. ತೀರಾ ಕಡಿಮೆ ಐಡಲ್ ಕೂಡ ಒಳ್ಳೆಯದಲ್ಲ. 1400ಕ್ಕಿಂತ ಕೆಳಗೆ ಗೇರ್‌ಬಾಕ್ಸ್ ಕಟಕಟ ಅನ್ನುವುದು ಕಿವಿಗೇ ಕೇಳುತ್ತದೆ.

ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಎತ್ತರ ಸಿಕ್ಕಿತು, ಒಳ್ಳೆಯ ಥರ್ಮಲ್ ಸಿಕ್ಕಿತು ಅಂತ ಏರುತ್ತಿರುವ ಎಂಜಿನ್ ಅನ್ನು ಥಟ್ಟನೆ ಆಫ್ ಮಾಡಬಾರದು. ನಾನು ಥ್ರಾಟಲ್ ಇಳಿಸಿ ಎರಡು ನಿಮಿಷ ಹಗುರವಾಗಿ ಓಡಿಸುತ್ತೇನೆ. ಆಯಿಲ್ ಮತ್ತು ಹೆಡ್ ಮುಳ್ಳುಗಳು ಇಳಿದು ನಿಲ್ಲಬೇಕು. ಆಮೇಲೆ ಮ್ಯಾನ್ಯುಯಲ್ ಹೇಳಿದ ವೇಗಕ್ಕೆ ಬಂದು ಇಗ್ನಿಷನ್ ಆಫ್, ಫೆದರ್, ಕೌಲ್ ಫ್ಲಾಪ್ ಮುಚ್ಚುವುದು. ಕೌಲ್ ಫ್ಲಾಪ್ ಮುಚ್ಚುವುದನ್ನು ಮರೆತರೆ ತಣ್ಣನೆ ಗಾಳಿ ಒಳಗೆ ಹರಿಯುತ್ತಲೇ ಇರುತ್ತದೆ, ಮತ್ತೆ ಸ್ಟಾರ್ಟ್ ಮಾಡುವಾಗ ಆಯಿಲ್ ಇನ್ನಷ್ಟು ಗಟ್ಟಿಯಾಗಿರುತ್ತದೆ. ಆ ಸಂಜೆ ನಾನು ಮರೆತಿದ್ದೆ.

ಎಂಜಿನ್ ನಿಂತ ಮೇಲೆ ಅದು ಗ್ಲೈಡರ್. ಆಗ ಗೇಜ್‌ನ ಬಣ್ಣಗಳೇ ಮಾತಾಡುತ್ತವೆ. ಹಸಿರು ಪಟ್ಟಿಯಲ್ಲಿ ಸಾಮಾನ್ಯ ಹಾರಾಟ. ಹಳದಿ ಪಟ್ಟಿ ಅಲುಗಾಡದ ಗಾಳಿಯಲ್ಲಿ ಮಾತ್ರ, ಅದೂ ಮೃದುವಾದ ಕೈಯಿಂದ. ಕೆಂಪು ಗೆರೆ ಎಂದೂ ದಾಟಬಾರದ ವೇಗ, ಅಲ್ಲಿ ಸ್ಟಿಕ್ ಮತ್ತು ಪೆಡಲ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸರಿಸುವ ಹಾಗಿಲ್ಲ. ಒಂದು ಥರ್ಮಲ್‌ನಿಂದ ಇನ್ನೊಂದಕ್ಕೆ ವೇಗವಾಗಿ ಓಡುವಾಗ ಮುಂದಿನ ಥರ್ಮಲ್‌ನ ಅಂಚು ಗೋಡೆಯ ಹಾಗೆ ಬಡಿಯುತ್ತದೆ. ಮೋಡದ ಕೆಳಗೆ ಹೋಗುವ ಮೊದಲೇ ನಾನು ಹಸಿರಿಗೆ ಬಂದಿರುತ್ತೇನೆ.

ಎತ್ತರದಲ್ಲಿ ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಗಾಳಿ ತೆಳುವಾಗಿರುವುದರಿಂದ ಗೇಜ್ ಕಡಿಮೆ ತೋರಿಸುತ್ತದೆ. 3000 ಮೀಟರ್‌ನಲ್ಲಿ ಮುಳ್ಳು ಗಂಟೆಗೆ 200 ಕಿ.ಮೀ. ಅಂದರೆ ನಿಜವಾದ ವೇಗ ಸುಮಾರು 232. ಉದ್ದ ರೆಕ್ಕೆ ನಡುಗಲು ಶುರು ಮಾಡುವುದು, ಫ್ಲಟರ್ ಅನ್ನುತ್ತಾರಲ್ಲ, ಅದಕ್ಕೆ ಈ ನಿಜವಾದ ವೇಗವೇ ಮುಖ್ಯ. ಎತ್ತರಕ್ಕೆ ತಕ್ಕ ಹಾಗೆ ಕೆಂಪು ಗೆರೆ ಎಷ್ಟು ಕೆಳಗೆ ಬರಬೇಕು ಅನ್ನುವ ಪಟ್ಟಿ ಮ್ಯಾನ್ಯುಯಲ್‌ನಲ್ಲಿದ್ದರೆ, ಒಂದು ಚೀಟಿಯಲ್ಲಿ ಬರೆದು ಗೇಜ್ ಪಕ್ಕ ಅಂಟಿಸಿ. ನನ್ನದರಲ್ಲಿ ಇದೆ.

ವೇಗದ ಕೆಳಗಿನ ತುದಿಯಲ್ಲಿ ತೊಂದರೆ ತಿರುವಿನಲ್ಲಿ ಬರುತ್ತದೆ. ನೇರ ಹಾರುವಾಗ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ಕೆಳಗೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಗಂಟೆಗೆ 75 ಕಿ.ಮೀ. ಅಂದುಕೊಳ್ಳಿ. 45 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿದರೆ ಅದು 89. 60 ಡಿಗ್ರಿಯಲ್ಲಿ 106. ಥರ್ಮಲ್‌ನಲ್ಲಿ ಬಿಗಿಯಾಗಿ ಸುತ್ತುವಾಗ ಎತ್ತರ ಇರುತ್ತದೆ, ತಪ್ಪಿದರೆ ಸರಿಪಡಿಸಬಹುದು. ಫೈನಲ್‌ಗೆ, ಅಂದರೆ ಇಳಿಯುವ ಮುಂಚಿನ ಕೊನೆಯ ನೇರ ದಾರಿಗೆ, ತಿರುಗುವಾಗ ಆ ಅವಕಾಶ ಇಲ್ಲ. ಅಲ್ಲಿ ನನ್ನ ವಾಲಿಕೆ 30 ಡಿಗ್ರಿ, ವೇಗ ಸ್ಟಾಲ್‌ನ 1.3 ಪಟ್ಟು, ಅದರ ಮೇಲೆ ಎದುರು ಗಾಳಿಯ ಅರ್ಧ. ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ 98ಕ್ಕೆ 15 ಸೇರಿಸಿ 113. ಎಂಜಿನ್ ಓಡುತ್ತಿದ್ದರೂ ಓಡದಿದ್ದರೂ ಒಂದೇ ಸಂಖ್ಯೆ. ಎಂಜಿನ್ ಇದೆ ಅನ್ನುವ ಧೈರ್ಯದಿಂದ ನಿಧಾನವಾಗಿ ಬರುವುದನ್ನು ನಾನು ಒಪ್ಪುವುದಿಲ್ಲ.

ನೆಲದ ಮೇಲಿನ ಕೆಲಸ ಇನ್ನೂ ಇದೆ. ದಿನದ ಮೊದಲ ಸ್ಟಾರ್ಟ್‌ಗೆ ಮುಂಚೆ, ಇಗ್ನಿಷನ್ ಆಫ್ ಇದೆ ಅಂತ ಎರಡು ಸಲ ನೋಡಿ, ಚಕ್ರಕ್ಕೆ ಅಡ್ಡ ಇಟ್ಟು, ಪ್ರೊಪೆಲ್ಲರ್ ಕೈಯಿಂದ ತಿರುಗಿಸುತ್ತೇನೆ. ತಿರುಗುವ ದಿಕ್ಕಿನಲ್ಲಿ ಮಾತ್ರ, ಹಿಂದಕ್ಕೆ ಎಂದೂ ಇಲ್ಲ. ಕೆಳಗೆ ಸೇರಿದ ಆಯಿಲ್ ಟ್ಯಾಂಕ್‌ಗೆ ವಾಪಸ್ ಹೋಗಿ ಗುಳುಗುಳು ಅಂದಾಗ ನಿಲ್ಲಿಸಿ ಮಟ್ಟ ನೋಡುತ್ತೇನೆ. ಈ ಶಬ್ದ ಬರುವ ಮುಂಚೆ ನೋಡಿದ ಮಟ್ಟ ಸುಳ್ಳು. ಕೈಯಿಂದ ತಿರುಗಿಸುವಾಗ ಪ್ರತಿ ಸಿಲಿಂಡರ್‌ನ ಬಿಗಿಯೂ ಕೈಗೆ ಗೊತ್ತಾಗುತ್ತದೆ. ಒಂದು ಮೆತ್ತಗಿದ್ದರೆ ಆ ದಿನ ಹಾರುವುದಿಲ್ಲ.

ಆಯಿಲ್ 100 ಗಂಟೆಗೆ ಬದಲಿಸಬೇಕು. ಸೀಸ ಇರುವ ವಿಮಾನದ ಪೆಟ್ರೋಲ್ ಹೆಚ್ಚು ಹಾಕಿದ್ದರೆ 50ಕ್ಕೇ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ. ಹಳೆ ಫಿಲ್ಟರ್ ಎಸೆಯದೆ ಕತ್ತರಿಸಿ ಕಾಗದದ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಲೋಹದ ಚೂರು ಇದ್ದರೆ ಅಲ್ಲಿ ಕಾಣುತ್ತದೆ. ರಬ್ಬರ್ ಪೈಪ್‌ಗಳು ಗಂಟೆ ಎಷ್ಟೇ ಇರಲಿ ಐದು ವರ್ಷಕ್ಕೆ ಹೊಸದು. ಗ್ಲೈಡರ್ ಹಾರಿಸುವವರು ಮರೆಯುವುದು ಇನ್ನೊಂದಿದೆ. ಹಾರಿದ ದಿನ ಒಮ್ಮೆಯಾದರೂ ಆಯಿಲ್ 100 ಡಿಗ್ರಿ ಮುಟ್ಟಬೇಕು. ಇಲ್ಲದಿದ್ದರೆ ಒಳಗೆ ಕೂಡಿದ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ. ಎಂಟು ನಿಮಿಷ ಓಡಿಸಿ ನಿಲ್ಲಿಸುವ ನಮ್ಮ ಅಭ್ಯಾಸದಲ್ಲಿ ಇದು ತಪ್ಪಿಹೋಗುತ್ತದೆ. ಚಳಿಗಾಲದಲ್ಲಿ ನಾನು ಇದಕ್ಕೋಸ್ಕರವೇ ಇನ್ನೂ ಸ್ವಲ್ಪ ಹೊತ್ತು ಎಂಜಿನ್ ಮೇಲೆ ಹಾರುತ್ತೇನೆ.

ಇಳಿದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಸಂಖ್ಯೆ ಬರೆಯುತ್ತೇನೆ: ಏರುವಾಗಿನ ಅತಿ ಹೆಚ್ಚು ಆಯಿಲ್ ತಾಪ, ಆಕಾಶದಲ್ಲಿ ಸ್ಟಾರ್ಟ್ ಮಾಡಿದ ಎತ್ತರ, ಆಗಿನ ಬ್ಯಾಟರಿ ವೋಲ್ಟ್, ಆಗ ಇದ್ದ ಸ್ಪೀಡ್. ನಾಲ್ಕನೆಯದು ಆ ಸಂಜೆಯ ಸಾಲಿನಲ್ಲಿ ಖಾಲಿ ಇದೆ. ಆಮೇಲಿನ ಯಾವ ಸಾಲಿನಲ್ಲೂ ಖಾಲಿ ಇಲ್ಲ.