21 ದಿನದ ಕಾವು: ಮನೆಯಲ್ಲೇ ಮರಿ ಮಾಡಿಸುವುದು ಹೇಗೆ?

ಅಂಗಡಿಯ ಬಿಳಿ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿ ಬರುವುದಿಲ್ಲ. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಹುಂಜದ ಜೊತೆ ಓಡಾಡಿಕೊಂಡಿರುವ ಹೇಂಟೆಗಳ ಮೊಟ್ಟೆ ಬೇಕು. 8–10 ಹೇಂಟೆಗೆ ಒಂದು ಹುಂಜ ಸಾಕು. ನಾಟಿ ಕೋಳಿ ತಾನೇ ಕಾವಿಗೆ ಕೂರುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾದಂಥ ತಳಿಗಳು ಕೂರುವುದು ಅಪರೂಪ. ಅಂಥವನ್ನು ಸಾಕುವವರಿಗೆ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರ, ನಿಜಕ್ಕೂ ಉಪಯೋಗ.

ಕಾವಿಗೆ ಇಡುವ ಹೊತ್ತಿಗೆ, ಕೋಳಿ ಮೊಟ್ಟೆ ಇಟ್ಟು 7 ದಿನ ದಾಟಿರಬಾರದು. ಫ್ರಿಜ್‌ನಲ್ಲಿ ಇಡಬೇಡಿ, ತಂಪಾದ ಕೋಣೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡಿ. ತೊಳೆಯಲೂಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಇರುತ್ತದೆ. ಅದು ಹೋದರೆ ರೋಗಾಣು ಸಲೀಸಾಗಿ ಒಳಗೆ ಹೋಗುತ್ತವೆ. ತುಂಬ ಗಲೀಜಾದದ್ದು, ಬಿರುಕು ಬಿಟ್ಟದ್ದು ಬೇಡವೇ ಬೇಡ.

ಮೊದಲ 18 ದಿನ

ಮೊಟ್ಟೆ ಇಡುವ ಹಿಂದಿನ ದಿನವೇ ಯಂತ್ರ ಚಾಲೂ ಮಾಡಿ, ಶಾಖ ಒಂದೇ ಸಮ ನಿಲ್ಲುತ್ತದಾ ನೋಡಿ. ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ ಸುಮಾರು 38.5 ಇರಲಿ. ಯಂತ್ರದ ಡಿಸ್‌ಪ್ಲೇ ಒಂದನ್ನೇ ನಂಬದೆ ಇನ್ನೊಂದು ಥರ್ಮಾಮೀಟರ್ ಒಳಗಿಡಿ.

ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದಿಸಿ. ಒಂದೆರಡು ಗಂಟೆ ಶಾಖ ಇಳಿದರೂ ಭ್ರೂಣ ತಡೆದುಕೊಳ್ಳುತ್ತದೆ. ಶಾಖ 40 ದಾಟಿದರೆ ಮಾತ್ರ ಬೇಗ ಸಾಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಶೀಟಿನ ಮನೆಯಲ್ಲಿ, ಬಿಸಿಲು ಬೀಳುವ ಕಿಟಕಿ ಪಕ್ಕದಲ್ಲಿ ಯಂತ್ರ ಇಡಲೇಬೇಡಿ.

ಮೊಟ್ಟೆ ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ತಾನೇ ತಿರುಗಿಸುವ ಟ್ರೇ ಇಲ್ಲದಿದ್ದರೆ ಪೆನ್ಸಿಲ್‌ನಲ್ಲಿ ಒಂದು ಕಡೆ ಗುಣಾಕಾರ ಚಿಹ್ನೆ, ಇನ್ನೊಂದು ಕಡೆ ಸೊನ್ನೆ ಬರೆದು ದಿನಕ್ಕೆ 3 ಅಥವಾ 5 ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆ ಅಂದರೆ, ರಾತ್ರಿಯ ದೀರ್ಘ ಹೊತ್ತು ಪ್ರತಿದಿನ ಒಂದೇ ಮಗ್ಗುಲಾಗುವುದಿಲ್ಲ.

ತೇವಾಂಶ 50–55 ಶೇಕಡಾ ಇರಲಿ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಯಂತ್ರದ ತಟ್ಟೆಗೆ ನೀರೇ ಹಾಕಬೇಕಾಗದೆ ಇರಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನಾ ನೋಡಬೇಕು.

7ನೇ ರಾತ್ರಿ ದೀಪ ಆರಿಸಿ, ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಹಿಡಿಯಿರಿ. ಜೇಡರ ಬಲೆಯಂತೆ ಕೆಂಪು ನರ ಕಂಡರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಬಂಜೆ ಮೊಟ್ಟೆ. ರಕ್ತದ ಉಂಗುರ ಮಾತ್ರ ಕಂಡರೆ ಭ್ರೂಣ ಸತ್ತಿದೆ. ಇವೆರಡನ್ನೂ ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ಕುತ್ತು.

ಕೊನೆಯ 3 ದಿನ

ಎಲ್ಲ ಸರಿಯಾಗಿ ಮಾಡಿದವರೂ ಮರಿ ಕಳೆದುಕೊಳ್ಳುವುದು ಇಲ್ಲೇ. 18ನೇ ದಿನ ತಿರುಗಿಸುವುದು ನಿಲ್ಲಿಸಿ, ಮೊಟ್ಟೆಗಳನ್ನು ಅಡ್ಡ ಮಲಗಿಸಿ, ತೇವಾಂಶ 65–70ಕ್ಕೆ ಏರಿಸಿ, ಮುಚ್ಚಳ ಹಾಕಿ. ಆಮೇಲೆ ತೆಗೆಯಬೇಡಿ. ತೆಗೆದಾಗಲೆಲ್ಲ ಹಸಿ ಗಾಳಿ ಹೊರಗೆ ಹೋಗಿ, ಒಳಪೊರೆ ಒಣಗಿ ಮರಿಯನ್ನು ಬಿಗಿದು ಹಿಡಿಯುತ್ತದೆ.

ಚಿಪ್ಪು ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಬೇಕಾಗಬಹುದು. ನಡುವೆ ಗಂಟೆಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಸತ್ತಿತೇನೋ ಅಂತ ಸಂಕಟವಾಗುತ್ತದೆ, ಅಲ್ವಾ? ಆದರೆ ಆಗ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಪೊರೆಯ ನರಗಳಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ. ಚಿಪ್ಪು ಬಿಡಿಸಿದರೆ ರಕ್ತ ಹರಿದು ಮರಿ ಸಾಯಬಹುದು. ಕೈ ಕಟ್ಟಿಕೊಂಡು ಕಾಯಿರಿ. ಹೊರಬಂದ ಮರಿಯೂ ಮೈ ಒಣಗುವ ತನಕ ಒಳಗೇ ಇರಲಿ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಒಂದು ದಿನ ಮೇವು ನೀರು ಇಲ್ಲದಿದ್ದರೂ ಅದಕ್ಕೆ ತೊಂದರೆಯಿಲ್ಲ.

ಮರಿಗಳ ಗೂಡು

ದೊಡ್ಡ ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹಾಸಿ, ಮೊದಲ ಎರಡು ದಿನ ಮೇಲೆ ಗೋಣಿತಾಟು ಹರಡಿ. ಬರೀ ಪೇಪರ್ ಬೇಡ, ಕಾಲು ಜಾರಿ ಸೊಟ್ಟಗಾಗುತ್ತವೆ. ಶಾಖಕ್ಕೆ ಹಳೆಯ ಕಾಲದ 60 ವಾಟ್ ಬಲ್ಬೇ ಬೇಕು, ಎಲ್‌ಇಡಿ ಸಾಲದು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಹೋಗಿ. ಮರಿಗಳೇ ಅಳತೆ ಹೇಳುತ್ತವೆ: ಬಲ್ಬ್ ಕೆಳಗೆ ಒತ್ತಿಕೊಂಡು ಕಿರುಚಿದರೆ ಚಳಿ, ಮೂಲೆಗೆ ಹೋಗಿ ಬಾಯಿ ತೆರೆದು ಉಸಿರಾಡಿದರೆ ಸೆಕೆ.

ಆಳವಿಲ್ಲದ ತಟ್ಟೆಯಲ್ಲಿ ಬೆಲ್ಲದ ನೀರಿಟ್ಟು, ಮುಳುಗದಂತೆ ಕಲ್ಲು ಹಾಕಿ, ಒಂದೊಂದರ ಕೊಕ್ಕನ್ನೂ ಒಮ್ಮೆ ಅದ್ದಿ. ಮೊದಲೆರಡು ದಿನ ಜೋಳದ ನುಚ್ಚು, ಆಮೇಲೆ ಮರಿಗಳ ಸ್ಟಾರ್ಟರ್ ಮೇವು. ಹಿಂಭಾಗಕ್ಕೆ ಹಿಕ್ಕೆ ಅಂಟಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ.

ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿ ಹಾಕಿಸಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ಐಸ್ ತುಂಬಿದ ಫ್ಲಾಸ್ಕ್ ತೆಗೆದುಕೊಂಡು ಹೋಗಿ. ದಾರಿಯಲ್ಲಿ ಬಿಸಿಯಾದ ಲಸಿಕೆ ಕೆಲಸ ಮಾಡುವುದಿಲ್ಲ.